ಕುದುರೆ ಮಸಾಲೆ ಬೆಳೆದು ಒಣಮೇವು ಮಾಡುವಾಗ ಎಲೆ ಉಳಿಸಿಕೊಳ್ಳಿ

ಕುದುರೆ ಮಸಾಲೆ ಅಂದರೆ ಲೂಸರ್ನ್ ಎಂಬ ಮೇವಿನ ಬೆಳೆ. ಇದನ್ನು ಹಸಿಯಾಗಿ ಹಾಕುವವರು ಜಾಸ್ತಿ, ಒಣಗಿಸಿ ಇಡುವವರು ಕಡಿಮೆ. ಆದರೆ ಹಸಿ ಸೊಪ್ಪು ಜಾಸ್ತಿ ತಿಂದರೆ ದನಕ್ಕೆ ಹೊಟ್ಟೆಯುಬ್ಬರ ಬರುತ್ತದೆ, ಒಣಗಿಸಿದರೆ ಆ ಭಯ ತುಂಬಾ ಕಡಿಮೆ. ಬೇಸಿಗೆಗೆ ದಾಸ್ತಾನೂ ಆಗುತ್ತದೆ.

ಬಿತ್ತನೆಗೆ ಅಕ್ಟೋಬರ್, ನವೆಂಬರ್ ಒಳ್ಳೆಯದು. ನೀರು ನಿಲ್ಲುವ ಜಾಗ, ಹುಳಿ ಮಣ್ಣು ಎರಡೂ ಬೇಡ. ಆರ್‌ಎಲ್-88 ತರಹದ ತಳಿ ಹಾಕಿದರೆ ಚೆನ್ನಾಗಿ ನೋಡಿಕೊಂಡ ಮಡಿ ಮೂರು ವರ್ಷದವರೆಗೂ ಕೊಯ್ಲಿಗೆ ಬರುತ್ತದೆ. ಸಾಲಿನಲ್ಲಿ ಬಿತ್ತಿದರೆ ಎಕರೆಗೆ 6 ಕೆಜಿ ಬೀಜ, ಚೆಲ್ಲಿದರೆ 8 ಕೆಜಿ. ಸಾಲಿಂದ ಸಾಲಿಗೆ ಒಂದಡಿ. ಬೀಜ ತುಂಬಾ ಸಣ್ಣದು, ಅದಕ್ಕೆ ಮರಳು ಬೆರೆಸಿ ಬಿತ್ತಿ, ಅರ್ಧ ಇಂಚಿಗಿಂತ ಆಳ ಹೋದರೆ ಮೊಳಕೆ ಮೇಲೆ ಬರುವುದಿಲ್ಲ. ಮೊದಲ ಸಲ ಹಾಕುವ ಹೊಲವಾದರೆ ಲೂಸರ್ನ್‌ಗೆಂದೇ ಬರುವ ರೈಜೋಬಿಯಂ ಅನ್ನೋ ಜೀವಾಣು ಗೊಬ್ಬರವನ್ನು ಬೀಜಕ್ಕೆ ಹಚ್ಚಿ. ಬೀಜದಲ್ಲಿ ಕಸ್ಕೂಟ ಅನ್ನೋ ಪರಾವಲಂಬಿ ಕಳೆಯ ಬೀಜ ಬೆರೆತಿದೆಯಾ ನೋಡಿಕೊಳ್ಳಿ. ಹಳದಿ ದಾರದಂಥ ಆ ಬಳ್ಳಿ ಒಮ್ಮೆ ಸುತ್ತಿಕೊಂಡರೆ ಅಷ್ಟು ಜಾಗದ ಗಿಡಗಳನ್ನು ಕಿತ್ತು ಸುಡುವುದೇ ದಾರಿ.

ಮೊದಲ ಕೊಯ್ಲು ಸುಮಾರು 60 ದಿನಕ್ಕೆ, ಆಮೇಲೆ 25-30 ದಿನಕ್ಕೊಮ್ಮೆ. ಮೊದಲ ಕೊಯ್ಲಲ್ಲಿ ಕಳೆ ಜಾಸ್ತಿ, ಅದನ್ನು ಹಸಿಯಾಗೇ ಹಾಕಿಬಿಡಿ. ಒಣಮೇವಿಗೆ ಫೆಬ್ರವರಿ, ಮಾರ್ಚ್ ಕೊಯ್ಲು ಇಟ್ಟುಕೊಳ್ಳಿ. ಹತ್ತು ಗಿಡಕ್ಕೆ ಒಂದರಲ್ಲಿ ನೇರಳೆ ಹೂ ಕಂಡರೆ ಸಾಕು, ಕುಡುಗೋಲು ಹಿಡಿಯಿರಿ. ಇನ್ನೂ ಬಿಟ್ಟರೆ ತೂಕ ಏನೋ ಬರುತ್ತದೆ, ಕಾಂಡ ಮಾತ್ರ ಕಡ್ಡಿಯಾಗುತ್ತದೆ. ಕೊಯ್ಲಿಗೆ ನಾಲ್ಕೈದು ದಿನ ಮುಂಚೆ ನೀರು ನಿಲ್ಲಿಸಿ. ನೆಲದಿಂದ ಎರಡು ಮೂರು ಇಂಚು ಬಿಟ್ಟು ಕೊಯ್ಯಿರಿ.

ಇನ್ನು ಒಣಗಿಸುವುದು. ಎಲ್ಲ ಕೆಡುವುದು ಇಲ್ಲೇ. ಮೊದಲ ವರ್ಷ ನಾನು ಎರಡು ದಿನ ಉರಿಬಿಸಿಲಲ್ಲಿ ಹರಡಿ, ಬೇಗ ಒಣಗಲಿ ಅಂತ ಮಧ್ಯಾಹ್ನವೇ ತಿರುವಿ ಹಾಕಿದೆ. ಎಲೆಯೆಲ್ಲ ಪುಡಿಯಾಗಿ ನೆಲಕ್ಕೆ ಬಿತ್ತು, ಕೊಟ್ಟಿಗೆಗೆ ಬಂದದ್ದು ಬರೀ ಕಡ್ಡಿ. ಈ ಮೇವಿನ ಪ್ರೋಟೀನ್ ಬಹುಪಾಲು ಇರುವುದು ಎಲೆಯಲ್ಲೇ, ಎಲೆ ಹೋದ ಮೇಲೆ ಇಷ್ಟೆಲ್ಲ ಖರ್ಚು ಮಾಡಿ ಇದನ್ನು ಬೆಳೆದು ಏನು ಬಂತು, ಅಲ್ವಾ? ಅದಕ್ಕೆ ಇಬ್ಬನಿ ಆರಿದ ಮೇಲೆ ಬೆಳಿಗ್ಗೆ ಕೊಯ್ದು, ತೆಳ್ಳಗೆ ಹರಡಿ, ಸೊಪ್ಪು ಬಾಡುವವರೆಗೆ ಮಾತ್ರ ಬಿಸಿಲಿಗೆ ಬಿಡಿ. ಸಂಜೆ ಸಡಿಲವಾಗಿ ಸಣ್ಣ ಸಣ್ಣ ಗುಡ್ಡೆ ಮಾಡಿ. ಮರುದಿನದಿಂದ ತಿರುವುವುದು ಬೆಳಗಿನ ಜಾವ ಮಾತ್ರ, ಆಗ ಇಬ್ಬನಿಗೆ ಎಲೆ ಮೆತ್ತಗಿದ್ದು ಉದುರುವುದಿಲ್ಲ. ಮೂರು ನಾಲ್ಕು ದಿನ ಬೇಕು. ನೆರಳಿನ ಚಪ್ಪರ ಇದ್ದರೆ ಇನ್ನೂ ಒಳ್ಳೆಯದು, ಹಸಿರು ಬಣ್ಣ ಹಾಗೇ ಉಳಿಯುತ್ತದೆ.

ಒಣಗಿದೆಯಾ ನೋಡಲು ಕಾಂಡವನ್ನು ಉಗುರಲ್ಲಿ ಕೆರೆಯಿರಿ. ಸಿಪ್ಪೆ ಎದ್ದು ಬಂದರೆ ಇನ್ನೂ ಹಸಿ ಇದೆ. ಅನುಮಾನವಿದ್ದರೆ ಒಂದು ಹಿಡಿ ಮೇವು ಕತ್ತರಿಸಿ, ಒಣ ಬಾಟಲಿಗೆ ಹಾಕಿ, ಎರಡು ಚಮಚ ಒಣ ಪುಡಿ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ. ಉಪ್ಪು ಗಂಟು ಕಟ್ಟಿದರೆ ಇನ್ನೊಂದು ದಿನ ಬಿಡಿ. 100 ಕೆಜಿ ಹಸಿ ಸೊಪ್ಪಿಗೆ ಹೆಚ್ಚುಕಡಿಮೆ 22-25 ಕೆಜಿ ಒಣಮೇವು ಸಿಗುತ್ತದೆ.

ಮೆದೆಯನ್ನು ಸೂರಿನಡಿ, ಮರದ ಹಲಗೆ ಮೇಲೆ ಒಟ್ಟಿ. ಅರೆಹಸಿ ಒಟ್ಟಿದರೆ ಬೂಷ್ಟು ಹಿಡಿಯುತ್ತದೆ, ಒಳಗೆ ಕಾವು ಏರಿ ಬೆಂಕಿ ಹತ್ತುವುದೂ ಉಂಟು. ಮೊದಲ ಎರಡು ಮೂರು ವಾರ ಆಗಾಗ ಮೆದೆಯೊಳಗೆ ಕೈ ಹಾಕಿ ನೋಡುತ್ತಿರಿ. ಬೆಚ್ಚಗಾಗುತ್ತಿದೆ ಅನ್ನಿಸಿದರೆ ಅವತ್ತೇ ಬಿಚ್ಚಿ ಗಾಳಿಗೆ ಹರಡಿ.