ಲಂಡನ್ನಿನ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತು

ಬಾರ್ನ್ಸ್‌ನ ಲಂಡನ್ ವೆಟ್‌ಲ್ಯಾಂಡ್ ಸೆಂಟರ್‌ಗೆ ಹೋದಾಗಲೆಲ್ಲ ನಾನು ಮೊದಲು ಹುಡುಕುವುದು ಅಲ್ಲಿ ಇರಬಾರದ ಹಕ್ಕಿಗಳನ್ನು. ನಗರಕ್ಕೆ ನೀರು ಕೊಡುತ್ತಿದ್ದ ಹಳೆಯ ಜಲಾಶಯಗಳನ್ನು ಮಾರ್ಪಡಿಸಿ ಮಾಡಿದ ಜೌಗು ಇದು, 2000ದಲ್ಲಿ ತೆರೆಯಿತು. ಆವರಣದಲ್ಲಿ ಸಾಕಿದ ವಿದೇಶಿ ಬಾತುಗಳೂ ಇವೆ. ಅವನ್ನು ದಾಟಿ, ದೊಡ್ಡ ಕೆರೆಯ ಕಡೆಗಿರುವ, ಹಕ್ಕಿ ನೋಡುವ ಮರೆಯಲ್ಲಿ ಕೂತರೆ ಮಾತ್ರ ಆಟಕ್ಕೆ ಅರ್ಥ.

ಕೆನಡಾ ಹೆಬ್ಬಾತು, ಈಜಿಪ್ಟ್ ಹೆಬ್ಬಾತುಗಳನ್ನು ಬೇಗ ಎಣಿಸಿ ಮುಗಿಸುತ್ತೇನೆ. ಎರಡನ್ನೂ 17ನೇ ಶತಮಾನದಲ್ಲೇ ಉದ್ಯಾನಗಳ ಅಂದಕ್ಕೆಂದು ತಂದದ್ದು, ಈಗ ಊರವೇ ಆಗಿವೆ. ಆಮೇಲೆ ಗ್ರೇಲ್ಯಾಗ್ ಎಂಬ ಬೂದು ಹೆಬ್ಬಾತುಗಳ ಹಿಂಡನ್ನು ಒಂದು ತುದಿಯಿಂದ ತಲೆ ತಲೆ ನೋಡುತ್ತ ಬರುತ್ತೇನೆ. ಒಂದು ಮೇ ತಿಂಗಳಲ್ಲಿ ಹಾಗೆಯೇ ಸಿಕ್ಕಿತು: ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ, ತುದಿ ಕಪ್ಪಾದ ಹಳದಿ ಕೊಕ್ಕು. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಸಾವಿರಗಟ್ಟಲೆ ಇಳಿಯುವ ಅದೇ ಪಟ್ಟೆತಲೆ! ಊರವರು ಸಿಕ್ಕಂತೆ ಎದ್ದು ನಿಂತೆ. ಪಕ್ಕದಲ್ಲಿದ್ದ ಹಿರಿಯರು ದುರ್ಬೀನನ್ನೂ ಎತ್ತಲಿಲ್ಲ. ಸಾಕಣೆಯಿಂದ ತಪ್ಪಿಸಿಕೊಂಡಂಥವನ್ನು ಇಲ್ಲಿನವರು ‘ಪ್ಲಾಸ್ಟಿಕ್’ ಎಂದು ತಳ್ಳಿಹಾಕುತ್ತಾರೆ.

ಅವರ ಮಾತೂ ಸುಳ್ಳಲ್ಲ. ಹಿಮಾಲಯ ದಾಟುವ ಹಕ್ಕಿಯೇ ಆದರೂ ಮೇನಲ್ಲಿ ಅದು ಮಂಗೋಲಿಯಾದಲ್ಲೋ ಟಿಬೆಟ್ಟಿನಲ್ಲೋ ಗೂಡು ಕಟ್ಟುತ್ತಿರಬೇಕು. ನಾನು ಕಾಲು ಕಾಣುವವರೆಗೂ ಕಾದೆ. ನೀರಿನಲ್ಲಿದ್ದರೆ ಸಾಕಿದವರು ಕಾಲಿಗೆ ತೊಡಿಸಿದ ಗುರುತಿನ ಉಂಗುರ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ದಡಕ್ಕೆ ಬಂದು ಮೈ ಒದರಿ ರೆಕ್ಕೆ ಬಿಚ್ಚಿತು. ಎರಡೂ ರೆಕ್ಕೆ ಪೂರ್ತಿ, ಸಾಕಿದವು ಹಾರದಿರಲೆಂದು ಮಾಡುವಂತೆ ಒಂದರ ತುದಿಯನ್ನೂ ಕತ್ತರಿಸಿರಲಿಲ್ಲ. ಕಿತ್ತಳೆ ಕಾಲಿನಲ್ಲಿ ಉಂಗುರವೂ ಇಲ್ಲ. ಅಷ್ಟಕ್ಕೇ ಕಾಡು ಹಕ್ಕಿ ಎನ್ನಲಾಗದು, ತಪ್ಪಿಸಿಕೊಂಡ ಜೋಡಿಯ ಮರಿಯೂ ಇರಬಹುದು. ಜನ ಹತ್ತಿರ ಹೋದರೂ ಅದು ಮೇಯುವುದನ್ನು ಬಿಡಲಿಲ್ಲ. ಮಾಗಡಿಯಲ್ಲಿ ಇಷ್ಟು ಸಮೀಪ ಹೋಗಿದ್ದರೆ ಇಡೀ ಹಿಂಡು ಹಾರುತ್ತಿತ್ತು.

ಆದರೂ ದಿನಾಂಕ, ಸಂಖ್ಯೆ, ಯಾವ ಹಿಂಡಿನ ಜೊತೆ, ಉಂಗುರ ಉಂಟೋ ಎಂದು ಎಲ್ಲ ಬರೆದಿಡುತ್ತೇನೆ. ಇಂಗ್ಲೆಂಡಿನ ಸ್ಲಿಂಬ್ರಿಡ್ಜ್ ನೀರುಹಕ್ಕಿ ಕೇಂದ್ರಕ್ಕೆ 1940ರ ದಶಕದಲ್ಲಿ ತಂದ ಉತ್ತರ ಅಮೆರಿಕದ ರಡ್ಡಿ ಬಾತುಗಳ ಕೆಲವು ಮರಿಗಳು ಹಾರಿಹೋದಾಗ ಅದು ದೊಡ್ಡ ಸಂಗತಿ ಎಂದು ಯಾರಿಗೂ ಅನಿಸಿರಲಾರದು. 2000ದ ಹೊತ್ತಿಗೆ ಬ್ರಿಟನ್ನಿನಲ್ಲಿ ಅವು ಸುಮಾರು 6,000. ಸ್ಪೇನ್ ತಲುಪಿ, ಅಲ್ಲಿನ ಅಪರೂಪದ ಬಿಳಿತಲೆ ಬಾತಿನೊಡನೆ ಬೆರೆತು ಮಿಶ್ರತಳಿ ಹುಟ್ಟಿಸತೊಡಗಿದವು. ಕೊನೆಗೆ ಬ್ರಿಟನ್ ಸರ್ಕಾರವೇ ಗುಂಡಿಕ್ಕಿಸಿ ಬಹುಪಾಲು ಮುಗಿಸಿತು. ನನ್ನ ಪಟ್ಟೆತಲೆಯಿಂದ ಅಂಥ ಭಯವೇನೂ ಕಾಣುತ್ತಿಲ್ಲ. ಅದು ಮುಂದಿನ ವಾರವೂ ಅದೇ ಗ್ರೇಲ್ಯಾಗ್‌ಗಳ ನಡುವೆಯೇ ಹುಲ್ಲು ಮೇಯುತ್ತಿತ್ತು.