ಕೆಸರಲ್ಲಿ ಕೂತ ದೋಣಿ

ಪ್ರವಾಸಿಗರಿಗೆ ಕಾಂಡ್ಲಾ, ಅಂದರೆ ಉಪ್ಪುನೀರಿನ ದಂಡೆಯಲ್ಲಿ ಬೆಳೆಯುವ ಮರಗಳ ಕಾಡು ತೋರಿಸಲು ಹೊರಟ ಮೊದಲ ಟ್ರಿಪ್ಪಿನಲ್ಲೇ ನಮ್ಮ ದೋಣಿ ಕೆಸರಲ್ಲಿ ಕೂತಿತು. ಹುಬ್ಬಳ್ಳಿಯಿಂದ ಬಂದಿದ್ದ ಐದು ಜನ, ನಾನು, ಹುಟ್ಟು ಹಾಕುವ ನೆರೆಮನೆಯ ಅಣ್ಣ. ಅವರಿಗೆ ಬೆಳಿಗ್ಗೆ ಹತ್ತಕ್ಕೇ ಹೊರಡಬೇಕಿತ್ತು, ಮಧ್ಯಾಹ್ನ ಬೀಚಿಗೆ ಹೋಗುವ ಅವಸರ. ಅಣ್ಣ ‘ಸುಕ್ತಿ ಶುರುವಾಗಿದೆ, ಬೇಡ’ ಅಂದಿದ್ದ. ಸುಕ್ತಿ ಅಂದರೆ ನೀರಿನ ಇಳಿತ. ಸಿಕ್ಕ ಗಿರಾಕಿ ಕೈ ತಪ್ಪೀತು ಅಂತ ನಾನೇ ಹಟ ಮಾಡಿದೆ. ಮೂರೂವರೆ ತಾಸು ಬಿಸಿಲಲ್ಲಿ ಕೂತೆವು. ಅವರ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಇತ್ತು, ಬಚಾವಾದೆವು. ‘ಅಕ್ಕಾರ, ಇದೂ ಪ್ಯಾಕೇಜಿನಾಗ ಐತೇನ್ರಿ?’ ಅಂತ ಒಬ್ಬರು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ನಾನು ಕುಮಟಾ ಕಡೆಯವಳು, ಮದುವೆಯಾಗಿ ಗೋವಾದ ಚೊರಾವ್ ದ್ವೀಪಕ್ಕೆ ಬಂದೆ. ರಾಯಬಂದರಿನಲ್ಲಿ ಫೆರಿ ಹತ್ತಿ ಮಾಂಡೋವಿ ದಾಟಿದರೆ ನಮ್ಮೂರು. ದ್ವೀಪದ ಪಶ್ಚಿಮ ತುದಿಯಲ್ಲಿ ಸಲೀಂ ಅಲಿ ಪಕ್ಷಿಧಾಮ ಇದೆ. 1988ರಲ್ಲಿ ಘೋಷಣೆಯಾದದ್ದು, ಬರೀ 1.78 ಚದರ ಕಿಲೋಮೀಟರ್. ಅದರೊಳಗೆ ಹೋಗಲು ಅರಣ್ಯ ಇಲಾಖೆಯ ಟಿಕೆಟ್ ಬೇಕು. ನಮ್ಮ ದೋಣಿಗಳು ಹೊರಗಿನ ನೀರಲ್ಲೇ ಓಡಾಡುತ್ತವೆ.

ಬಂದ ಹೊಸತರಲ್ಲಿ ಇಲ್ಲಿನ ಖಾಜನ್ ಗದ್ದೆ, ಅಂದರೆ ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ಗದ್ದೆ ನೋಡಿ ತವರಿಗೇ ಬಂದೆನೇನೋ ಅನಿಸಿತ್ತು. ನಮ್ಮ ಅಘನಾಶಿನಿ ಹೊಳೆಯ ಗಜನಿ ಗದ್ದೆಯೇ ಇದು. ಅಲ್ಲಿ ಉಪ್ಪುನೀರು ತಡೆಯುವ ಭತ್ತ ಕಗ್ಗ, ಇಲ್ಲಿ ಕೊರ್ಗುಟ್. ಒಡ್ಡಿನಲ್ಲಿ ನೀರು ಬಿಡುವ, ತಡೆಯುವ ಬಾಗಿಲು ನಮ್ಮಲ್ಲಿ ಜಂತ್ರಡಿ, ಅದಕ್ಕೆ ಇವರು ಮಾನಸ್ ಅನ್ನುತ್ತಾರೆ. ಒಡ್ಡಿನ ಹೊರಗೆ ಕಾಂಡ್ಲಾ ದಟ್ಟವಾಗಿದ್ದರೆ ಅಲೆಯ ಹೊಡೆತ ಅದಕ್ಕೇ ಬೀಳುತ್ತದೆ, ಒಡ್ಡು ಉಳಿಯುತ್ತದೆ. ಇದು ಹಿರಿಯರಿಗೆಲ್ಲ ಗೊತ್ತು. ಆದರೆ ಅವರ ಮಕ್ಕಳು ಪಣಜಿಯ ಕ್ಯಾಸಿನೋ ಕೆಲಸಕ್ಕೆ ಹೋಗುತ್ತಾರೆ. ಒಡ್ಡಿಗೆ ಮಣ್ಣು ಹಾಕೋರು ಯಾರು?

ಪ್ರತಿ ಶನಿವಾರ ಕನ್ನಡದವರು ಬಸ್ಸುಗಟ್ಟಲೆ ಗೋವಾಕ್ಕೆ ಬರುತ್ತಾರೆ, ಬೀಚು ನೋಡಿ ವಾಪಸು ಹೋಗುತ್ತಾರೆ. ನಮ್ಮ ಕೇರಿಯ ನಾಲ್ಕು ಮನೆಗಳಲ್ಲಿ ದೋಣಿ ಇತ್ತು, ನನಗೆ ಕನ್ನಡ ಬರುತ್ತಿತ್ತು. ಹಾಗೆ ಶುರು ಮಾಡಿದೆವು. ಜನ ಕೂರಿಸಿಕೊಳ್ಳಬೇಕಾದರೆ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯಲ್ಲಿ ದೋಣಿ ನೋಂದಾಯಿಸಬೇಕು. ಅದೂ ಲೈಫ್ ಜಾಕೆಟ್ಟೂ ಆದ ಮೇಲೆ ಕೈಯಲ್ಲಿ ದುಡ್ಡೇ ಉಳಿಯಲಿಲ್ಲ. ಎಂಜಿನ್ ಹಾಕೋಣ ಅಂತ ಒಬ್ಬರು ಅಂದರು. ಅದರ ಅಲೆಗೆ ದಂಡೆ ಕುಸಿಯುತ್ತೆ, ಹಕ್ಕಿ ಹಾರಿಹೋಗುತ್ತೆ. ಹುಟ್ಟೇ ಸಾಕು ಅಂತ ತೀರ್ಮಾನವಾಯಿತು.

ಕೆಸರಲ್ಲಿ ಕೂತ ಮೇಲೆ ಗೋಡೆಗೆ ಭರ್ತಿ-ಸುಕ್ತಿಯ, ಅಂದರೆ ಉಬ್ಬರ-ಇಳಿತದ ಪಟ್ಟಿ ಅಂಟಿಸಿದೆ. ಉಬ್ಬರ ದಿನಾ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇವತ್ತು ಒಂಬತ್ತಕ್ಕೆ ಬಂದರೆ ನಾಳೆ ಹತ್ತರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜಾಸ್ತಿ ಏರುತ್ತೆ, ಜಾಸ್ತಿ ಇಳಿಯುತ್ತೆ. ಈಗ ಫೋನ್ ಮಾಡಿದವರಿಗೆ ಟೈಮ್ ಹೇಳುವುದು ನಾನು. ‘ಮೂರೂವರೆಗೆ ಬನ್ನಿ’ ಅಂದರೆ ಅರ್ಧ ಜನ ಬರೋದೇ ಇಲ್ಲ. ಬರದಿದ್ದರೆ ಬೇಡ.

ಬಂದವರು ಮೊದಲು ಮುಖ ಸಿಂಡರಿಸುತ್ತಾರೆ. ‘ಬರೀ ಕೆಸರು, ಏನ್ ನೋಡೋದು?’ ನಾನು ಕಾಂಡ್ಲಾ ಜೊತೆಗೇ ಬೆಳೆಯುವ ಉಪ್ಪಟಿ ಮರದ ಎಲೆ ಬಗ್ಗಿಸಿ ‘ನೆಕ್ಕಿ’ ಅನ್ನುತ್ತೇನೆ. ಬಿಸಿಲೇರಿದಾಗ ಎಲೆಯ ಮೇಲೆ ಸಣ್ಣ ಹರಳು ಮಿನುಗುತ್ತಿರುತ್ತವೆ. ಮರ ಬೇರಿನಿಂದ ಹೀರಿದ ಉಪ್ಪನ್ನು ಹೀಗೆ ಹೊರಹಾಕುತ್ತದೆ. ಮಕ್ಕಳಿಗೆ ಇದು ಭಾರಿ ಖುಷಿ. ಆಮೇಲೆ ಕಾಂಡ್ಲಾ ಕಾಯಿ ತೋರಿಸುತ್ತೇನೆ. ನುಗ್ಗೆಕಾಯಿ ಹಾಗೆ ಜೋತಿರುತ್ತದೆ, ಆದರೆ ಅದು ಕಾಯಲ್ಲ, ಮರದಲ್ಲಿದ್ದಾಗಲೇ ಮೊಳೆತ ಸಸಿ. ಕೆಳಗೆ ಬಿದ್ದರೆ ಕೆಸರಲ್ಲಿ ನಾಟಿಕೊಳ್ಳುತ್ತೆ, ಇಲ್ಲಾಂದ್ರೆ ತೇಲಿ ಇನ್ನೊಂದು ದಂಡೆ ಹುಡುಕುತ್ತೆ.

ಇದನ್ನು ನೋಡಿದ್ದರೂ ನಾವು ಒಂದು ತಪ್ಪು ಮಾಡಿದೆವು. ಒಂದು ಕಂಪನಿಯವರು ಬಂದು ಸಸಿ ನೆಡಬೇಕು ಅಂದರು. ಬಯಲು ಕೆಸರಿನಲ್ಲಿ ಸಾಲಾಗಿ ನೆಟ್ಟು ಫೋಟೋ ತೆಗೆಸಿಕೊಂಡು ಹೋದರು. ಮಳೆಗಾಲದಲ್ಲಿ ಒಂದೂ ಉಳಿಯಲಿಲ್ಲ. ಆ ಬಯಲು ಹಕ್ಕಿಗಳು ಹುಳ ಹೆಕ್ಕುವ ಜಾಗ, ಅಲ್ಲಿ ಮರ ಬೇಕಾಗಿಯೂ ಇರಲಿಲ್ಲ. ಈಗ ಸಸಿ ನೆಡುತ್ತೇವೆ ಅಂದವರ ಕೈಗೆ ಗೋಣಿಚೀಲ ಕೊಡುತ್ತೇನೆ. ಕೆಸರಿನಿಂದ ಮೇಲೆದ್ದು ಉಸಿರಾಡುವ ಬೇರುಗಳಿಗೆ ಸುತ್ತಿಕೊಂಡ ಪ್ಲಾಸ್ಟಿಕ್ ಬಿಡಿಸಿ ಅಂತ. ಫೋಟೋ ಚೆನ್ನಾಗಿ ಬರಲ್ಲ, ನಿಜ.

ತಲೆಗೆ 600 ರೂಪಾಯಿ. ಹುಟ್ಟು ಹಾಕಿದವರಿಗೆ ಅರ್ಧ, ಅಡುಗೆ ಮಾಡಿದ ಮನೆಗೆ 200, ಉಳಿದದ್ದು ಒಡ್ಡಿನ ರಿಪೇರಿಗೆ ಇಟ್ಟ ಡಬ್ಬಿಗೆ. ಊಟಕ್ಕೆ ಕೊರ್ಗುಟ್ ಅನ್ನ, ಮೀನು ಸಾರು, ಮುರುಗಲು ಹುಳಿಯ ಸೋಲ್‌ಕಡಿ. ಕಳೆದ ವರ್ಷ ಒಡ್ಡು ಒಡೆದಾಗ ಡಬ್ಬಿಯ ದುಡ್ಡು ಸಾಲಲಿಲ್ಲ. ಆದರೂ ಮಣ್ಣು ಹೊರಲು ಹುಡುಗರು ಕ್ಯಾಸಿನೋಗೆ ರಜೆ ಹಾಕಿ ಬಂದರು.

ನೀರುನಾಯಿ ತೋರಿಸುತ್ತೇನೆ ಅಂತ ಯಾರಿಗೂ ಮಾತು ಕೊಡುವುದಿಲ್ಲ. ಕಂಡರೆ ಕಂಡವು. ಬಲೆ ಹರಿದು ಮೀನು ತಿನ್ನುತ್ತವೆ ಅಂತ ನೆರೆಮನೆಯ ಅಣ್ಣನಿಗೆ ಅವುಗಳ ಮೇಲೆ ಕಡು ಸಿಟ್ಟು. ಈಗ ದೂರದಲ್ಲಿ ತಲೆ ಕಂಡರೆ ಅವನೇ ಹುಟ್ಟು ಎತ್ತಿ ‘ಶ್’ ಅನ್ನುತ್ತಾನೆ, ನಾನು ಮಾತಾಡುತ್ತಿದ್ದರೆ ನನಗೂ ಸೇರಿಸಿ. ಬಲೆ ಹರಿದ ದಿನ ಮಾತ್ರ ಬೈಗುಳ ಹಳೇದೇ.