ಹೊಸಕೋಟೆಯ ಬೂತ್ ಲೆಕ್ಕ: ಪಕ್ಷದ ಹೆಸರು ಪಕ್ಕಕ್ಕಿಟ್ಟು ಓದಿದಾಗ

ಹೊಸಕೋಟೆ ವಿಧಾನಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿಗೆ 2018ರಲ್ಲಿ 98,824 ಮತ, 2019ರ ಉಪಚುನಾವಣೆಯಲ್ಲಿ 41,443, 2023ರಲ್ಲಿ 1,07,205. ಇಷ್ಟನ್ನೇ ನೋಡಿದವರು ಪಕ್ಷ ನೆಲಕಚ್ಚಿ ಮತ್ತೆ ಎದ್ದಿತು ಎಂದು ಬರೆದುಬಿಡುತ್ತಾರೆ. ಆದರೆ 98,824 ಬಿದ್ದದ್ದು ಎಂ.ಟಿ.ಬಿ. ನಾಗರಾಜ್ ಅವರಿಗೆ, 1,07,205 ಬಿದ್ದದ್ದು ಅವರ ಎದುರಾಳಿ ಶರತ್ ಬಚ್ಚೇಗೌಡರಿಗೆ. ನಾಗರಾಜ್ ಕಾಂಗ್ರೆಸ್ಸಿನಿಂದ ಬಿಜೆಪಿಗೆ ಬಂದರು. ಶರತ್ 2019ರಲ್ಲಿ ಬಿಜೆಪಿ ವಿರುದ್ಧ ಬಂಡೆದ್ದು ಪಕ್ಷೇತರರಾಗಿ ಕುಕ್ಕರ್ ಗುರುತಿನಲ್ಲಿ ಗೆದ್ದು, ಆಮೇಲೆ ಕಾಂಗ್ರೆಸ್ ಸೇರಿದರು. ಅದಕ್ಕೇ ಬೂತ್‌ವಾರು ಮತ ಹೋಲಿಸುವ ನನ್ನ ಹಾಳೆಯಲ್ಲಿ ಕಾಲಂನ ತಲೆಬರಹ ಪಕ್ಷದ್ದಲ್ಲ, ಅಭ್ಯರ್ಥಿಯದು.

ಕೆಲಸ ಶುರುವಾಗುವುದು ನಮೂನೆ 20ರಿಂದ. ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಎಂದು ಚುನಾವಣಾಧಿಕಾರಿ ಸಹಿ ಮಾಡಿ ಕೊಡುವ ಅಂತಿಮ ಪಟ್ಟಿ ಅದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಬಹಳ ಸಲ ಅದು ಸ್ಕ್ಯಾನ್ ಮಾಡಿದ ಪಿಡಿಎಫ್. ಅಭ್ಯರ್ಥಿಗಳ ಹೆಸರು ಅಡ್ಡ ತಿರುಗಿಸಿ, ಮಸುಕಾಗಿ ಇರುತ್ತದೆ. ಮತಯಂತ್ರದಲ್ಲಿದ್ದ ಹಾಗೆಯೇ ಮೊದಲು ಮಾನ್ಯತೆ ಪಡೆದ ಪಕ್ಷದವರು, ಆಮೇಲೆ ನೋಂದಾಯಿತ ಪಕ್ಷದವರು, ಕೊನೆಗೆ ಪಕ್ಷೇತರರು. 2019ರ ಹಾಳೆಯಲ್ಲಿ ಗೆದ್ದವರ ಕಾಲಂ ಹುಡುಕಬೇಕಾದದ್ದು ಪಕ್ಷೇತರರ ಸಾಲಿನಲ್ಲಿ. ಮೊದಲ ಮೂರು ಕಾಲಂ ಮಾತ್ರ ಟೈಪ್ ಮಾಡಿಕೊಂಡು ಉಳಿದದ್ದನ್ನು ‘ಇತರೆ’ಗೆ ಸೇರಿಸುವ ಅಭ್ಯಾಸವಿದ್ದರೆ ಇಲ್ಲಿ ಲೆಕ್ಕವೇ ಕೆಡುತ್ತದೆ.

ಅಂಕಿ ಎತ್ತಿಕೊಳ್ಳುವಾಗ ಪ್ರತಿ ಸಾಲನ್ನೂ ಅಡ್ಡಕ್ಕೆ ಕೂಡಿಸಿ, ಹಾಳೆಯಲ್ಲಿರುವ ಮೊತ್ತಕ್ಕೆ ಹೋಲಿಸಬೇಕು. ವ್ಯತ್ಯಾಸವೇ ತಪ್ಪಿನ ಜಾಗ ಹೇಳುತ್ತದೆ: 60 ಕಡಿಮೆ ಬಂದರೆ ಹತ್ತರ ಸ್ಥಾನದ 7ನ್ನು 1 ಎಂದು ಓದಿರುತ್ತೇವೆ (378 ಹೋಗಿ 318), 50 ಕಡಿಮೆ ಬಂದರೆ 8ನ್ನು 3 ಎಂದು. ನೋಟಾ ಮತ ಯಾವ ಮೊತ್ತದಲ್ಲಿ ಸೇರಿದೆ, ಯಾವುದರಲ್ಲಿ ಇಲ್ಲ ಎಂದು ಗಮನಿಸದಿದ್ದರೆ ಎಲ್ಲ ಸಾಲೂ ತಪ್ಪಿದಂತೆ ಕಾಣುತ್ತದೆ. ಅಂಚೆ ಮತ ಬೂತ್‌ವಾರು ಇರುವುದಿಲ್ಲ. ಕೊನೆಯಲ್ಲಿ ಒಟ್ಟಾಗಿ ಬರುತ್ತದೆ. ಬೂತ್‌ಗಳ ಮೊತ್ತ ಘೋಷಿತ ಫಲಿತಾಂಶಕ್ಕಿಂತ ಅಷ್ಟರಮಟ್ಟಿಗೆ ಕಡಿಮೆ ಇದ್ದರೆ ಅದೇ ಸರಿ.

ಹೆಚ್ಚು ಸಮಯ ತಿನ್ನುವುದು ಬೂತ್ ಜೋಡಣೆ. ಚುನಾವಣೆಯಿಂದ ಚುನಾವಣೆಗೆ ಮತಗಟ್ಟೆಗಳನ್ನು ಒಡೆಯುತ್ತಾರೆ, ಸೇರಿಸುತ್ತಾರೆ, ಸಂಖ್ಯೆ ಮುಂದೆ ಸರಿಯುತ್ತದೆ. ಬೆಂಗಳೂರಿನ ಅಂಚಿನ ಊರಿನಲ್ಲಿ ಹೊಸ ಬಡಾವಣೆ ಎದ್ದಂತೆಲ್ಲ ಇದು ಇನ್ನೂ ಹೆಚ್ಚು. 2018ರ 120ನೇ ಬೂತ್, 2023ರ 120ನೇ ಬೂತ್ ಒಂದೇ ಎಂದು ನಂಬಬೇಡಿ. ಮತದಾರರ ಪಟ್ಟಿಯ ಪ್ರತಿ ಭಾಗದ (ಒಂದು ಮತಗಟ್ಟೆಗೆ ಒಂದು ಭಾಗ) ಮೊದಲ ಪುಟದಲ್ಲಿ ಆ ಭಾಗಕ್ಕೆ ಸೇರಿದ ಬೀದಿಗಳು, ಶಾಲೆಯ ಹೆಸರು, ಎಷ್ಟನೇ ಕೊಠಡಿ, ಗಂಡು ಹೆಣ್ಣು ಮತದಾರರ ಸಂಖ್ಯೆ ಎಲ್ಲ ಇರುತ್ತದೆ. ಬೀದಿ ಹಿಡಿದು ಜೋಡಿಸಿ. ಒಂದು ಬೂತ್ ಎರಡಾಗಿದ್ದರೆ ಎರಡನ್ನೂ ಮತ್ತೆ ಕೂಡಿಸಿ ಹಳೆಯದಕ್ಕೆ ಹೋಲಿಸಿ. ಹಳೆಯದನ್ನು ಅಂದಾಜಿನಲ್ಲಿ ಒಡೆಯಬೇಡಿ. ಇದೇ ಪುಟಗಳಿಂದ ನಗರದ ಬೂತ್‌ಗಳನ್ನು ಸೂಲಿಬೆಲೆ, ನಂದಗುಡಿ, ಜಡಿಗೇನಹಳ್ಳಿ, ಅನುಗೊಂಡನಹಳ್ಳಿ ಹೋಬಳಿಗಳ ಹಳ್ಳಿ ಬೂತ್‌ಗಳಿಂದ ಬೇರ್ಪಡಿಸಬಹುದು. ಕ್ಷೇತ್ರದ ಫಲಿತಾಂಶವನ್ನು ಊರಿನ ಒಲವು ಎಂದು ಓದಿದರೆ ಹಳ್ಳಿಗಳ ಮತವನ್ನು ಪೇಟೆಯ ತಲೆಗೆ ಕಟ್ಟಿದ ಹಾಗೆ.

ಇಷ್ಟಾದ ಮೇಲೆ 2018, 2019, 2023ರ ವ್ಯಕ್ತಿವಾರು ಸಾಲು ನೋಡಿ. ಶರತ್: 91,227, 81,671, 1,07,205. ನಾಗರಾಜ್: 98,824, 70,185, 1,02,130. ಅಂತರ ಕ್ರಮವಾಗಿ 7,597, 11,486, 5,075. ಮೂರು ಸಲವೂ ಸ್ಪರ್ಧೆ ಇವರಿಬ್ಬರದೇ. ಕುತೂಹಲದ ಮಾತು 2019ರದು. ಆಗ ಶರತ್ ಅವರಿಗೂ ಕಾಂಗ್ರೆಸ್ಸಿನ ಪದ್ಮಾವತಿ ಸುರೇಶ್ ಅವರಿಗೂ ಬಿದ್ದ ಮತ ಕೂಡಿಸಿದರೆ 1,23,114. 2023ರಲ್ಲಿ ಇಬ್ಬರೂ ಒಂದೇ ಪಕ್ಷವಾದರೂ ಶರತ್ ಪಡೆದದ್ದು ಅದಕ್ಕಿಂತ 15,909 ಕಡಿಮೆ. ನಾಗರಾಜ್ ಅವರಿಗೆ 31,945 ಹೆಚ್ಚು. ಹಳೆಯ ಕಾಂಗ್ರೆಸ್ ಮತವೆಲ್ಲ ಶರತ್ ಹಿಂದೆ ಹೋಗಲಿಲ್ಲ ಎಂಬುದು ನನ್ನ ಓದು. 2019ರಲ್ಲಿ ಕಾಂಗ್ರೆಸ್ ಹೆಚ್ಚು ಪಡೆದ ಬೂತ್‌ಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ, 2023ರಲ್ಲಿ ಅಲ್ಲಿ ಯಾರಿಗೆ ಏರಿತು ಎಂದು ನೋಡಿದರೆ ಎಲ್ಲಿ ಹೋಯಿತು ಎಂಬ ಸುಳಿವು ಸಿಗುತ್ತದೆ. ಆ ಉಪಚುನಾವಣೆಯಲ್ಲಿ ಮತದಾನ ಶೇ 90 ದಾಟಿದ್ದರಿಂದ ‘ಆಗ ನಾಗರಾಜ್ ಅವರ ಮತದಾರರು ಮನೆಯಲ್ಲೇ ಉಳಿದಿದ್ದರು’ ಎಂಬ ಸಮಾಧಾನಕ್ಕೆ ಜಾಗ ಬಹಳ ಕಡಿಮೆ.

ನಗರಸಭೆ ಚುನಾವಣೆಯನ್ನು ಇದರ ಜೊತೆ ನೇರವಾಗಿ ಕೂಡಿಸಲಾಗದು. 31 ವಾರ್ಡ್‌ಗಳ ಗಡಿ ಬೇರೆ, ನಡೆಸುವುದು ರಾಜ್ಯ ಚುನಾವಣಾ ಆಯೋಗ. 2019ರ ಡಿಸೆಂಬರ್‌ನಲ್ಲಿ ಬಿಜೆಪಿ ಸೋತ ಕ್ಷೇತ್ರದಲ್ಲೇ, ಎರಡು ತಿಂಗಳ ನಂತರ ನಗರಸಭೆಯ ಬಹುಮತ ಅದೇ ಬಿಜೆಪಿಗೆ ಬಂತು. ವಾರ್ಡ್‌ನಲ್ಲಿ ನಲ್ಲಿ ನೀರು, ಖಾತೆ, ಚರಂಡಿ ಮಾಡಿಸಿಕೊಡುವವರು ಯಾರು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಬೇರೆ ಹಾಳೆಯೇ ಬೇಕು.

ಒಂದು ಕೆಲಸ ಮಾತ್ರ ಯಾರೂ ಮಾಡಬಾರದು: ಪಟ್ಟಿಯ ಹೆಸರು ನೋಡಿ ಜಾತಿ ಧರ್ಮ ಊಹಿಸಿ, ಇಂಥವರು ಇಂಥವರಿಗೇ ಹಾಕಿದರು ಎಂದು ಬರೆಯುವುದು. ಸಾವಿರ ಜನರ ಬೂತಿನಲ್ಲಿ 600 ಮತ ಒಬ್ಬರಿಗೆ ಬಿದ್ದಿದ್ದರೆ ಆ 600 ಯಾರದು ಎಂದು ಯಾವ ನಮೂನೆಯೂ ಹೇಳುವುದಿಲ್ಲ. ಮತ ಗುಪ್ತ, ಚಿಕ್ಕ ಬೂತಿನಲ್ಲಿ ಅಂಥ ಊಹೆಯಿಂದ ತೊಂದರೆಗೆ ಸಿಕ್ಕುವವರು ಅಲ್ಲೇ ವಾಸವಿರುವ ಜನ.